ಕುಡಿಯಲು ಬೇಡ, ತೊಳೆಯಲು ಆದೀತು: ಕೋಲಾರದ ನಲ್ಲಿಗಳಿಗೊಂದು ಗುರುತು

ಬಿ.ಸಿ. ರೋಡಿನಿಂದ ಹೊರಡುವ ರಾಷ್ಟ್ರೀಯ ಹೆದ್ದಾರಿ 75 ನಮ್ಮವರಿಗೆ ಹೊಸದಲ್ಲ. ನೆಲ್ಯಾಡಿ, ಶಿರಾಡಿ ಘಾಟಿ, ಸಕಲೇಶಪುರ, ಹಾಸನ ದಾಟಿ ಬೆಂಗಳೂರು ಮುಟ್ಟುವ ತನಕ ಅದರ ಒಂದೊಂದು ತಿರುವೂ ನಮ್ಮ ಲಾರಿ ಚಾಲಕರಿಗೆ, ಹೋಟೆಲಿನವರಿಗೆ ಬಾಯಿಪಾಠ. ಆದರೆ ಆ ರಸ್ತೆ ಬೆಂಗಳೂರಿನಲ್ಲಿ ಮುಗಿಯುವುದಿಲ್ಲ. ಹೊಸಕೋಟೆ ದಾಟಿ ಕೋಲಾರ, ಮುಳಬಾಗಿಲು ಹಾದು ವೆಲ್ಲೂರಿನವರೆಗೆ ಹೋಗುತ್ತದೆ. ರಸ್ತೆಯ ಈ ತುದಿಯಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ. ಕೋಲಾರದ ಕಡೆ ಏಳುನೂರು ಚಿಲ್ಲರೆ. ಇಲ್ಲಿ ಅಂಗಳದ ಬಾವಿಗೆ ಕೊಡಪಾನ ಇಳಿಸಿದರೆ ನೀರು. ಅಲ್ಲಿ ಸಾವಿರ ಅಡಿ ದಾಟಿಸಿ ಕೊಳವೆಬಾವಿ ಕೊರೆದರೂ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಬರೀ ಧೂಳು.

ಸಿಕ್ಕ ನೀರಿನ ಕಥೆಯೇ ಈ ಲೇಖನದ ವಿಷಯ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಂಶ ಮಿತಿ ಮೀರಿದೆ. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ದಾರಿಯೇ ಇಲ್ಲದಿದ್ದರೆ 1.5ರ ತನಕ ನಡೆದೀತು. ಅದಕ್ಕಿಂತ ಹೆಚ್ಚಿದ್ದರೆ ಕುಡಿಯಬಾರದು. ಯಾರೂ ತಂದು ಸುರಿದ ವಿಷವಲ್ಲ ಇದು. ಅಲ್ಲಿನ ಗ್ರಾನೈಟ್ ಕಲ್ಲಿನೊಳಗೇ ಇರುವ ಖನಿಜ, ಬಂಡೆಯ ಸಂದಿಯಲ್ಲಿ ವರ್ಷಗಟ್ಟಲೆ ನಿಂತ ನೀರಿಗೆ ಕರಗಿ ಸೇರಿಕೊಳ್ಳುತ್ತದೆ. ಕೆರೆಗಳು ತುಂಬುತ್ತಿದ್ದ ಕಾಲದಲ್ಲಿ ಜನ ತೆರೆದ ಬಾವಿಯ ಮೇಲುನೀರು ಕುಡಿಯುತ್ತಿದ್ದರು. ಕೆರೆ ಒಣಗಿ, ಬಾವಿ ಬತ್ತಿ, ಬೋರ್‌ವೆಲ್ ಕೆಳಕ್ಕಿಳಿದಂತೆ ಈ ಹಳೇ ನೀರು ಬಿಂದಿಗೆಗೆ ಬಂತು. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರನ್ನು ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಕೋಲಾರದ ಕೆರೆಗಳಿಗೆ ಹರಿಸುತ್ತಿದ್ದಾರೆ. ಕೆರೆಗಳಲ್ಲಿ ನೀರು ಕಾಣುವಂತಾಗಿದೆ. ಆದರೆ ಅದು ನೇರ ಕುಡಿಯುವ ನೀರಲ್ಲ, ಅದರ ಸುತ್ತಲಿನ ಚರ್ಚೆಯೂ ಮುಗಿದಿಲ್ಲ.

ಫ್ಲೋರೈಡಿನ ತೊಂದರೆ ಏನೆಂದರೆ ಅದು ಕಣ್ಣಿಗೆ ಕಾಣುವುದಿಲ್ಲ. ವಾಸನೆ ಇಲ್ಲ, ಬಣ್ಣ ಇಲ್ಲ. ಲೋಟಕ್ಕೆ ಹಾಕಿದರೆ ತಿಳಿನೀರು. ಎಂಟು ವರ್ಷದೊಳಗಿನ ಮಕ್ಕಳಲ್ಲಿ ಶಾಶ್ವತ ಹಲ್ಲು ಒಸಡಿನೊಳಗೆ ರೂಪುಗೊಳ್ಳುವ ಹೊತ್ತಿಗೆ ಈ ನೀರು ಹೊಟ್ಟೆಗೆ ಹೋದರೆ ಹಲ್ಲಿನ ಮೇಲೆ ಮೊದಲು ಸುಣ್ಣದಂಥ ಬಿಳಿ ಮಚ್ಚೆ, ಆಮೇಲೆ ಹಳದಿ, ಕಂದು ಪಟ್ಟೆ. ಉಜ್ಜಿದರೆ ಹೋಗುವುದಿಲ್ಲ, ಯಾಕೆಂದರೆ ಅದು ಕೊಳೆಯಲ್ಲ. ಇಪ್ಪತ್ತು ಮೂವತ್ತು ವರ್ಷ ಕುಡಿದವರಿಗೆ ಬೆನ್ನು, ಕುತ್ತಿಗೆ, ಮೊಣಕಾಲು ಬಿಗಿಯುತ್ತದೆ. ಆರೋಗ್ಯ ಕಾರ್ಯಕರ್ತರು ಹಳ್ಳಿಯಲ್ಲಿ ಮಾಡಿಸುವ ಪರೀಕ್ಷೆ ಬಹಳ ಸರಳ: ಮಂಡಿ ಮಡಚದೆ ಬಗ್ಗಿ ಕಾಲ್ಬೆರಳು ಮುಟ್ಟಿಸುವುದು, ಗಲ್ಲವನ್ನು ಎದೆಗೆ ತಾಗಿಸುವುದು, ಕೈ ಎತ್ತಿ ತಲೆಯ ಹಿಂಭಾಗ ಮುಟ್ಟುವುದು. ದಿನಕ್ಕೆ ಐದು ಹೊತ್ತು ರುಕೂಅ್, ಸುಜೂದ್ ಮಾಡುವವರಿಗೆ ಈ ಬಿಗಿತ ಬೇಗ ಗೊತ್ತಾಗಬೇಕು. ಮಸೀದಿಯ ಕುರ್ಚಿಗಳ ಸಾಲು ಉದ್ದವಾಗುವುದಕ್ಕೆಲ್ಲ ಫ್ಲೋರೈಡೇ ಕಾರಣ ಎಂದು ನಾವು ಹೇಳುತ್ತಿಲ್ಲ, ವಯಸ್ಸು, ಸಕ್ಕರೆ ಕಾಯಿಲೆ, ಬೊಜ್ಜು ಎಲ್ಲವೂ ಇವೆ. ಆದರೆ ಈ ನಾಲ್ಕು ತಾಲ್ಲೂಕುಗಳಲ್ಲಿ ಆ ಕುರ್ಚಿಗಳನ್ನು ನೋಡಿದಾಗ ನೀರಿನ ನೆನಪು ಬಾರದೆ ಇರುವುದಿಲ್ಲ.

ನಮ್ಮ ದೇಶದಲ್ಲಿ ಈ ಕಾಯಿಲೆಯನ್ನು ವೈದ್ಯರು ಮೊದಲು ಗುರುತಿಸಿ ಬರೆದದ್ದು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ. ಕೇಂದ್ರ ಸರ್ಕಾರ ಇದಕ್ಕೆಂದೇ ರಾಷ್ಟ್ರೀಯ ಕಾರ್ಯಕ್ರಮ ಆರಂಭಿಸಿದ್ದು 2008-09ರಲ್ಲಿ. ಮಧ್ಯೆ ಎಪ್ಪತ್ತು ವರ್ಷ! ಇಂದಿಗೂ ಮನೆ ಮನೆಯಲ್ಲಿ ಚಾಲ್ತಿಯಲ್ಲಿರುವ ಉಪದೇಶ ಯಾವುದು? ನೀರನ್ನು ಕಾಯಿಸಿ ಆರಿಸಿ ಕುಡಿಯಿರಿ. ವಾಂತಿಭೇದಿಗೆ, ಕಾಮಾಲೆಗೆ ಅದು ಸರಿಯಾದ ಮಾತು. ಫ್ಲೋರೈಡಿಗೆ ಮಾತ್ರ ಉಲ್ಟಾ. ಕಾಯಿಸಿದರೆ ನೀರು ಆವಿಯಾಗುತ್ತದೆ, ಫ್ಲೋರೈಡ್ ಪಾತ್ರೆಯಲ್ಲೇ ಉಳಿಯುತ್ತದೆ. ಶ್ರದ್ಧೆಯಿಂದ ಕಾಯಿಸಿ ಕುಡಿಸುವ ತಾಯಿಯ ಮಗುವಿಗೂ ಹಲ್ಲು ಕಂದಾಗುತ್ತದೆ.

ಹಾಗಾದರೆ ಯಾವ ನಲ್ಲಿಯ ನೀರು ಕುಡಿಯಬಹುದು, ಯಾವುದನ್ನು ಕುಡಿಯಬಾರದು ಎಂದು ನಲ್ಲಿಯ ಪಕ್ಕದಲ್ಲೇ ತಿಳಿಯಬೇಕು. ಬೋರ್ಡು ಬರೆಸಿದರಾಯಿತು ಎನ್ನಬಹುದು. ಬರೆಸುವುದು ಯಾವ ಭಾಷೆಯಲ್ಲಿ? ಮುಳಬಾಗಿಲು, ಶ್ರೀನಿವಾಸಪುರ ಆಂಧ್ರದ ಗಡಿಗೆ ತಾಗಿಕೊಂಡಿವೆ, ಮನೆಮಾತು ಬಹಳ ಮಂದಿಗೆ ತೆಲುಗು. ಮಾಲೂರಿನಿಂದ ತಮಿಳುನಾಡಿನ ಹೊಸೂರು ಹತ್ತಿರ. ಅಲ್ಲಿನ ಇಟ್ಟಿಗೆ ಗೂಡುಗಳಿಗೆ, ಕಾರ್ಖಾನೆಗಳಿಗೆ ಉತ್ತರ ಭಾರತದಿಂದಲೂ ಕೂಲಿಗೆ ಬರುತ್ತಾರೆ. ಮುಸ್ಲಿಮರ ಮನೆಯಲ್ಲಿ ದಖನಿ ಉರ್ದು. ಕಚೇರಿ, ಶಾಲೆ ಕನ್ನಡ. ನಾಲ್ಕೂ ಭಾಷೆ ಮಾತಾಡುವ ಅಜ್ಜಿಗೆ ನಾಲ್ಕರಲ್ಲಿ ಒಂದನ್ನೂ ಓದಲು ಬಾರದಿರಬಹುದು. ಆಕೆಯೇ ಮನೆಗೆ ನೀರು ಹಿಡಿಯುವವಳು. ಆದ್ದರಿಂದ ಬೇಕಾದದ್ದು ಅಕ್ಷರವಲ್ಲ, ಒಂದು ಗುರುತು.

ಗುರುತು ಎಂದರೆ ಚಿತ್ರ ಬಿಡಿಸುವುದಷ್ಟೇ ಅಲ್ಲ. ನಮ್ಮ ಕಣ್ಣೆದುರೇ ಗೆದ್ದ ಗುರುತುಗಳಿವೆ, ಸೋತವೂ ಇವೆ.

ಕೋಲಾರದಲ್ಲೇ ನೋಡಿ. ಟೊಮೆಟೊ ಬೆಳೆಯುವ ನಾಡು, ಏಷ್ಯಾದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಒಂದು ಅಲ್ಲಿದೆ. ಟೊಮೆಟೊ ಇದ್ದಲ್ಲಿ ಔಷಧಿ ಸಿಂಪಡಣೆ ಇದ್ದದ್ದೇ. ಔಷಧಿ ಡಬ್ಬದ ಮೇಲೆ ವಜ್ರದಾಕಾರದ ಒಂದು ಚಿಹ್ನೆ ಕಡ್ಡಾಯ. ಅದರ ಕೆಳಭಾಗ ಕೆಂಪಾದರೆ ಅತಿ ಘೋರ ವಿಷ, ಹಳದಿಯಾದರೆ ಅದಕ್ಕಿಂತ ಸ್ವಲ್ಪ ಕಡಿಮೆ, ನೀಲಿ ಮಧ್ಯಮ, ಹಸಿರು ಅಲ್ಪ. ಕಾನೂನು ಬರೆದವರಿಗೆ ಇದು ಸ್ಪಷ್ಟ. ಆದರೆ ಹಳದಿಗಿಂತ ನೀಲಿ ಕಡಿಮೆ ವಿಷ ಎಂದು ಯಾವ ರೈತನಿಗೆ ಹುಟ್ಟಿನಿಂದ ಗೊತ್ತು? ಹಸಿರು ಎಂದರೆ ಏನೂ ಆಗದು ಎಂದೇ ಮನಸ್ಸು ಓದಿಕೊಳ್ಳುತ್ತದೆ. ಹಸಿರು ತ್ರಿಕೋನದ ಡಬ್ಬದೊಳಗೆ ಇರುವುದೂ ವಿಷವೇ. ಕಲಿಸದೆ ಅರ್ಥವಾಗದ ಗುರುತನ್ನು ಕಲಿಸದೆ ಬಿಟ್ಟರೆ ಅದು ಬರೀ ಅಲಂಕಾರ.

2009ರಲ್ಲಿ ತಂಬಾಕಿನ ಪೊಟ್ಟಣಗಳ ಮೇಲೆ ಚಿತ್ರದ ಎಚ್ಚರಿಕೆ ಬಂತು. ಗುಟ್ಕಾ, ಜಗಿಯುವ ತಂಬಾಕಿನ ಮೇಲೆ ಹಾಕಿದ್ದು ಚೇಳಿನ ಚಿತ್ರ. ಚೇಳಿಗೂ ಬಾಯಿ ಹುಣ್ಣಿಗೂ ಏನು ಸಂಬಂಧ ಎಂದು ಜಗಿಯುವವನಿಗೆ ಹೊಳೆಯಲಿಲ್ಲ. ಎರಡೇ ವರ್ಷದಲ್ಲಿ ಚೇಳು ಹೋಯಿತು, ಕ್ಯಾನ್ಸರ್ ಆದ ಬಾಯಿಯ ಚಿತ್ರ ಬಂತು, 2016ರಿಂದ ಪೊಟ್ಟಣದ ಶೇಕಡಾ 85 ಭಾಗ ಎಚ್ಚರಿಕೆಗೇ ಮೀಸಲಾಯಿತು. ಬೀಡಿ ಕಟ್ಟುವ ಕೈಗಳಿರುವ ನಮ್ಮ ಕರಾವಳಿಯ ಮನೆಗಳಲ್ಲಿ ಆ ಚಿತ್ರದ ಬಗ್ಗೆ ಎರಡು ಅಭಿಪ್ರಾಯ ಇದ್ದೇ ಇದೆ. ಅದೇನೇ ಇರಲಿ, ಚೇಳಿಗಿಂತ ಅದು ನೇರ ಮಾತು.

ಕೆಂಪು ತ್ರಿಕೋನವನ್ನು ಐವತ್ತು ದಾಟಿದವರು ಮರೆತಿರಲಾರರು. 1960ರ ದಶಕದಲ್ಲಿ ಕುಟುಂಬ ಯೋಜನೆಗೆಂದು ಬಂದ ತಲೆಕೆಳಗಾದ ತ್ರಿಕೋನ ಅದು. ಗೋಡೆ ಮೇಲೆ ಯಾವ ಪೇಂಟರೂ ಒಂದು ನಿಮಿಷದಲ್ಲಿ ಬರೆಯಬಹುದಾದ ಆಕಾರ. ರೂಪದ ಮಟ್ಟಿಗೆ ಅದಕ್ಕಿಂತ ಸರಳ ಇನ್ನೊಂದಿಲ್ಲ. ಆದರೆ ತುರ್ತು ಪರಿಸ್ಥಿತಿಯ ದಿನಗಳಲ್ಲಿ ಬಲವಂತದ ಆಪರೇಷನ್‌ಗಳ ಸುದ್ದಿ ಹಬ್ಬಿದ ಮೇಲೆ ಅದೇ ತ್ರಿಕೋನ ಕಂಡರೆ ಜನ ಬಾಗಿಲು ಹಾಕಿಕೊಳ್ಳುವಂತಾಯಿತು. ಗೆರೆ ಬದಲಾಗಿರಲಿಲ್ಲ, ಅದರ ಹಿಂದೆ ನಿಂತವರ ನಡವಳಿಕೆ ಬದಲಾಗಿತ್ತು.

ಇದಕ್ಕೆ ತದ್ವಿರುದ್ಧವಾದದ್ದು ಪೋಲಿಯೊ ಲಸಿಕೆಯ ಗುರುತು. 1995ರಲ್ಲಿ ಪಲ್ಸ್ ಪೋಲಿಯೊ ಶುರುವಾದ ಮೇಲೆ ಹನಿ ಹಾಕಿಸಿಕೊಂಡ ಮಗುವಿನ ಎಡಗೈ ಕಿರುಬೆರಳಿಗೆ ಶಾಯಿಯ ಗೆರೆ. ಮೈಸೂರಿನಲ್ಲಿ ತಯಾರಾಗಿ 1962ರಿಂದ ಮತದಾರರ ಬೆರಳಿಗೆ ಬೀಳುತ್ತಿರುವ ಶಾಯಿಯ ಹಾಗೆಯೇ ಇದೂ, ಕೆಲಸ ಆಯಿತು ಎನ್ನುವುದಕ್ಕೆ ಸಾಕ್ಷಿ. ಮನೆಯ ಗೋಡೆಗೆ ಸೀಮೆಸುಣ್ಣದಲ್ಲಿ ಇಂಗ್ಲಿಷಿನ ಪಿ ಅಕ್ಷರ ಬರೆದರೆ ಎಲ್ಲ ಮಕ್ಕಳಿಗೂ ಲಸಿಕೆ ಆಗಿದೆ, ಎಕ್ಸ್ ಬರೆದರೆ ಬಾಕಿ ಇದೆ. ಎಕ್ಸ್ ಬಿದ್ದ ಮನೆಗೆ ಕಾರ್ಯಕರ್ತರು ಮತ್ತೆ ಬರುತ್ತಿದ್ದರು. ಉತ್ತರ ಪ್ರದೇಶದ ಮುಸ್ಲಿಂ ಮೊಹಲ್ಲಾಗಳಲ್ಲಿ ವದಂತಿಗಳಿಂದ ಎಕ್ಸ್ ಮನೆಗಳು ಹೆಚ್ಚಿದ್ದಾಗ ಇಮಾಮರನ್ನು, ಮದ್ರಸಗಳನ್ನು ಜೊತೆಗೆ ಸೇರಿಸಿಕೊಂಡರು. ಮೈಕಿನಲ್ಲಿ ಹೇಳಿದರು, ತಮ್ಮ ಮಕ್ಕಳಿಗೇ ಮೊದಲು ಹನಿ ಹಾಕಿಸಿದರು. ದೇಶದ ಕೊನೆಯ ಪ್ರಕರಣ 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದಲ್ಲಿ. 2014ರ ಮಾರ್ಚ್ 27ರಂದು ಭಾರತ ಪೋಲಿಯೊ ಮುಕ್ತ ಎಂಬ ಪ್ರಮಾಣಪತ್ರ ಸಿಕ್ಕಿತು. ಆ ಎಕ್ಸ್ ಯಾರನ್ನೂ ಅಪರಾಧಿ ಎನ್ನಲಿಲ್ಲ. ಇಲ್ಲಿಗೆ ಮತ್ತೆ ಬರಬೇಕು ಎಂದು ಬರೆದವರು ತಮಗೇ ಹೇಳಿಕೊಂಡ ಮಾತು ಅದು.

ನೀರಿನ ವಿಷಯಕ್ಕೆ ಅತ್ಯಂತ ಹತ್ತಿರದ ಪಾಠ ಇರುವುದು ಬಾಂಗ್ಲಾದೇಶದಲ್ಲಿ. ಅಲ್ಲಿ ಫ್ಲೋರೈಡ್ ಅಲ್ಲ, ಆರ್ಸೆನಿಕ್. 2000ದ ಆಸುಪಾಸಿನ ವರ್ಷಗಳಲ್ಲಿ ಸುಮಾರು 50 ಲಕ್ಷ ಕೈಪಂಪುಗಳ ನೀರು ಪರೀಕ್ಷಿಸಿ, ಸುರಕ್ಷಿತವಾದದ್ದಕ್ಕೆ ಹಸಿರು, ಅಲ್ಲದ್ದಕ್ಕೆ ಕೆಂಪು ಬಣ್ಣ ಬಳಿದರು. ಕೆಂಪು ಬಿದ್ದವು ಸುಮಾರು 14 ಲಕ್ಷ. ಎರಡೇ ಬಣ್ಣ, ಮಾತೇ ಬೇಡ. ಎಷ್ಟೋ ಮನೆಯವರು ಪಕ್ಕದ ಹಸಿರು ಪಂಪಿಗೆ ಹೋಗಿ ನೀರು ತರತೊಡಗಿದರು. ಆಮೇಲೆ ಬಿಸಿಲಿಗೆ, ಮಳೆಗೆ ಬಣ್ಣ ಮಾಸಿತು. ಹೊಸ ಪಂಪುಗಳು ಬಂದವು, ಅವುಗಳನ್ನು ಪರೀಕ್ಷಿಸಲು ಯಾರೂ ಬರಲಿಲ್ಲ. ಮಾಸಿದ ಕೆಂಪೂ ಮಾಸಿದ ಹಸಿರೂ ತುಕ್ಕಿನ ಬಣ್ಣಕ್ಕೇ ತಿರುಗಿದವು.

ಇದನ್ನೆಲ್ಲ ತಲೆಯಲ್ಲಿಟ್ಟುಕೊಂಡು ನಾವು ಕೋಲಾರದ ಕಡೆಯ ಒಂದು ಮದ್ರಸದಲ್ಲಿ ಒಂದು ಸಂಜೆ ಮಕ್ಕಳಿಗೆ ಹಾಳೆ, ಪೆನ್ಸಿಲ್ ಕೊಟ್ಟೆವು. ಈ ನಲ್ಲಿಯ ನೀರು ಕುಡಿಯಬಾರದು ಎಂದು ಓದು ಬಾರದವರಿಗೆ ಹೇಗೆ ಹೇಳುತ್ತೀರಿ ಎಂದು ಕೇಳಿದೆವು. ಮೊದಲು ಬಂದದ್ದು ತಲೆಬುರುಡೆ. ಸಿನಿಮಾದ ಪ್ರಭಾವ ಇರಬೇಕು. ಬುರುಡೆ ಕಂಡರೆ ಒಂದು ಗುಟುಕಿಗೆ ಸಾಯುತ್ತೇವೆ ಎಂದರ್ಥ, ನಾಲ್ಕು ದಿನ ಕುಡಿದು ಬದುಕಿದವನು ಐದನೇ ದಿನ ಬುರುಡೆಯನ್ನು ನಂಬುವುದಿಲ್ಲ. ಕೆಲವರು ಮೂರು ಚೌಕಗಳಲ್ಲಿ ಕಥೆಯನ್ನೇ ಬರೆದರು: ನೀರು ಕುಡಿಯುವ ಹುಡುಗ, ಹಲ್ಲು ನೋವು, ಆಸ್ಪತ್ರೆ. ಉರ್ದು ಓದುವ ಮಕ್ಕಳಲ್ಲವೇ, ಕಥೆ ಬಲದಿಂದ ಎಡಕ್ಕೆ ಸಾಗಿತ್ತು. ಕನ್ನಡ ಓದುವವರು ಎಡದಿಂದ ನೋಡಿದರೆ ಆಸ್ಪತ್ರೆಯಿಂದ ಹೊರಬಂದ ಹುಡುಗ ಖುಷಿಯಾಗಿ ನೀರು ಕುಡಿಯುತ್ತಿದ್ದಾನೆ! ಹಾಗಾಗಿ ಸಾಲು ಚಿತ್ರ ಬೇಡ, ಒಂದೇ ಚಿತ್ರ ಸಾಕು ಎಂದು ನಿಶ್ಚಯವಾಯಿತು.

ಕಂದು ಹಲ್ಲಿನ ಚಿತ್ರವನ್ನು ಹಲವರು ಬರೆದರು, ಚೆನ್ನಾಗಿಯೇ ಬರೆದಿದ್ದರು. ಬೇಡ ಎಂದದ್ದು ಹಿಂದಿನ ಸಾಲಿನ ಒಬ್ಬ ಹುಡುಗಿ. "ಹಜ್ರತ್, ಅದು ಹಾಕಿದ್ರೆ ನಲ್ಲಿ ಹತ್ರ ಎಲ್ರೂ ನಮ್ಮ ಬಾಯೇ ನೋಡ್ತಾರೆ" ಎಂದಳು, ದುಪಟ್ಟಾದ ಅಂಚನ್ನು ಬಾಯಿಗೆ ಅಡ್ಡ ಹಿಡಿದು. ಆ ಮಾತಿನ ಮೇಲೆ ಚರ್ಚೆ ನಡೆಯಲಿಲ್ಲ. ಮದುವೆಯ ಮಾತುಕತೆಯಲ್ಲಿ ಹಲ್ಲು ನೋಡುವವರು, ಹುಡುಗಿ ಬಾಯಿ ತೊಳೆಯುವುದಿಲ್ಲವೇನೋ ಎನ್ನುವವರು ಇರುವ ಊರಿನಲ್ಲಿ ರೋಗಿಯ ಅಂಗವನ್ನೇ ರೋಗದ ಗುರುತು ಮಾಡುವುದು ಸರಿಯಲ್ಲ. ಗುರುತು ಬೀಳಬೇಕಾದ್ದು ನೀರಿನ ಮೇಲೆ, ಮಗುವಿನ ಮೇಲಲ್ಲ.

ಬಣ್ಣದ ಮಾತೂ ಅಷ್ಟು ಸಲೀಸಲ್ಲ. ಕೆಂಪು ಎಂದರೆ ಅಪಾಯ ಎಂಬುದು ಸಿಗ್ನಲ್ ನೋಡಿದ ಪೇಟೆಯವರ ಮಾತು. ಹಳ್ಳಿಯಲ್ಲಿ ದೇವಸ್ಥಾನದ ಗೋಡೆಗೆ, ಅಶ್ವತ್ಥಕಟ್ಟೆಗೆ ಬಳಿಯುವುದು ಕೆಮ್ಮಣ್ಣು, ಕಲ್ಲಿಗೆ ಇಡುವುದು ಕುಂಕುಮ. ಅಲ್ಲಿ ಕೆಂಪು ಮಂಗಳದ ಬಣ್ಣ. ಹಸಿರು ಕಂಡರೆ ನಮ್ಮವರಿಗೆ ದರ್ಗಾದ ಚಾದರ್ ನೆನಪು. ಮುಳಬಾಗಿಲಿನಂಥ, ಹೈದರ್ ವಲಿ ದರ್ಗಾ ಇರುವ ಊರಿನಲ್ಲಿ ಒಂದು ನಲ್ಲಿಗೆ ಹಸಿರು ಬಳಿದರೆ ಅದು ಮುಸ್ಲಿಮರ ನಲ್ಲಿಯಾಗಿಬಿಡುವ ಅಪಾಯವೂ ಇದೆ. ಗುರುತಿಗೆ ಧರ್ಮ ಅಂಟಿಕೊಳ್ಳುವುದು ಹೊಸ ಸಂಗತಿಯೇನಲ್ಲ. 1864ರಲ್ಲಿ ಗಾಯಾಳುಗಳ ರಕ್ಷಣೆಗೆ ಒಪ್ಪಿದ ಕೆಂಪು ಶಿಲುಬೆಯನ್ನು 1876ರ ಯುದ್ಧದಲ್ಲಿ ಉಸ್ಮಾನಿಯಾ ತುರ್ಕರು ಕೆಂಪು ಅರ್ಧಚಂದ್ರಕ್ಕೆ ಬದಲಿಸಿಕೊಂಡರು. ಎರಡೂ ಬೇಡವೆನ್ನುವವರಿಗಾಗಿ 2005ರಲ್ಲಿ ಕೆಂಪು ಹರಳಿನ ಆಕಾರ ಬಂತು. ಇನ್ನು ಕೆಂಪು, ಹಸಿರುಗಳ ವ್ಯತ್ಯಾಸವೇ ಕಾಣದ ಕಣ್ಣುಗಳೂ ಇವೆ. ಮಾಂಸಾಹಾರದ ಪೊಟ್ಟಣದ ಮೇಲಿದ್ದ ಕಂದು ಬೊಟ್ಟನ್ನು ತೆಗೆದು ಕಂದು ತ್ರಿಕೋನ ಮಾಡಿದ್ದು ಅಂಥವರಿಗಾಗಿಯೇ. ಬಣ್ಣ ಮಾಸಿದರೂ, ಕಾಣದಿದ್ದರೂ, ಆಕಾರ ಮಾತಾಡಬೇಕು.

ಎಲ್ಲಕ್ಕಿಂತ ಹೆಚ್ಚು ತಲೆ ಕೆಡಿಸಿದ್ದು ಬೇರೊಂದು ಪ್ರಶ್ನೆ. ಫ್ಲೋರೈಡ್ ನೀರಿನಲ್ಲಿ ಸ್ನಾನ ಮಾಡಬಹುದು, ಬಟ್ಟೆ ಒಗೆಯಬಹುದು, ಪಾತ್ರೆ ತೊಳೆಯಬಹುದು. ನಾವು ವುಳೂ ಎನ್ನುವುದನ್ನು ಅಲ್ಲಿಯವರು ವಜೂ ಎನ್ನುತ್ತಾರೆ, ಅದಕ್ಕೂ ಅಡ್ಡಿಯಿಲ್ಲ. ಆದರೆ ನಲ್ಲಿಯ ಮೇಲೆ ದಪ್ಪಗೆ ತಪ್ಪು ಗುರುತು ಹಾಕಿದರೆ ಜನ ಏನು ತಿಳಿದುಕೊಳ್ಳುತ್ತಾರೆ? ಈ ನೀರು ನಜಸ್, ಮುಟ್ಟಲೇಬಾರದು ಎಂದು. ನೀರೇ ಅಪರೂಪವಾದ ಜಿಲ್ಲೆಯಲ್ಲಿ ಒಂದು ಬೋರ್‌ವೆಲ್‌ನಿಂದ ಜನರನ್ನು ಹೀಗೆ ಹೆದರಿಸಿ ಓಡಿಸುವುದು ಎರಡನೇ ಅನ್ಯಾಯ. ಇಲ್ಲವೇ ಇನ್ನೊಂದು ಬಗೆ ಆಗುತ್ತದೆ: ಗುರುತಿದ್ದರೂ ಪಕ್ಕದ ಮನೆಯವರು ಒಗೆಯುತ್ತಾರೆ, ಸ್ನಾನ ಮಾಡುತ್ತಾರೆ, ಏನೂ ಆಗುವುದಿಲ್ಲ. ಅದನ್ನು ನೋಡಿದವರು ಗುರುತು ಸುಳ್ಳು ಎಂದು ಕುಡಿಯಲೂ ಶುರು ಮಾಡುತ್ತಾರೆ. ಆದ್ದರಿಂದ ಕುಡಿಯುವುದಕ್ಕೆ ಬೇಡ, ತೊಳೆಯುವುದಕ್ಕೆ ಆದೀತು ಎಂಬ ಎರಡು ಮಾತನ್ನೂ ಒಂದೇ ಕಡೆ ಹೇಳಬೇಕು. ಎರಡನೇ ಮಾತನ್ನು ಹೇಳದಿದ್ದರೆ ಮೊದಲನೆಯದು ಉಳಿಯುವುದಿಲ್ಲ.

ಕುಡಿಯುವುದನ್ನು ತೋರಿಸಲು ಲೋಟ ಬರೆಯೋಣ ಎಂದೆವು. ಮಕ್ಕಳಲ್ಲಿ ಅರ್ಧ ಜನ ಮೂತಿ ಇರುವ ಚೊಂಬು ಬರೆದರು! ಕನ್ನಡದಲ್ಲಿ ಲೋಟ ಎಂದರೆ ಕುಡಿಯುವ ಪಾತ್ರೆ, ಉರ್ದು ಮನೆಗಳಲ್ಲಿ ಲೋಟಾ ಎಂದರೆ ಕೈಕಾಲು ತೊಳೆಯುವ ಪಾತ್ರೆ. ಒಂದೇ ಪದ, ನಮಗೆ ಬೇಕಾದ ಎರಡು ಅರ್ಥಗಳೂ ಅದರೊಳಗೆ ಹೊಡೆದಾಡುತ್ತಿದ್ದವು. ಬಿಂದಿಗೆ ಹಾಕಿದರೆ ನೀರು ಹಿಡಿಯಲೇಬೇಡಿ ಎಂದಾಗುತ್ತದೆ. ಕೊನೆಗೆ ಉಳಿದದ್ದು ನೇರ ಗೋಡೆಯ, ಮೇಲೆ ಅಗಲ ಕೆಳಗೆ ಕಿರಿದಾದ ಗ್ಲಾಸು, ಚಹಾದಂಗಡಿಯಲ್ಲಿ ಎಲ್ಲರೂ ಹಿಡಿಯುವಂಥದ್ದು. ಅದರ ಮೇಲೆ ಅಡ್ಡ ಎರಡು ಗೆರೆ. ಪಕ್ಕದಲ್ಲಿ ನಲ್ಲಿಯ ಕೆಳಗೆ ಚಾಚಿದ ಅಂಗೈ, ಅದಕ್ಕೆ ಗೆರೆ ಇಲ್ಲ. ಸುತ್ತ ಚೌಕ. ತ್ರಿಕೋನ ಹಾಕೋಣ ಎಂದವರಿಗೆ ಹಿರಿಯರೊಬ್ಬರು ಹಳೇ ಕೆಂಪು ತ್ರಿಕೋನವನ್ನು ನೆನಪಿಸಿ ನಕ್ಕರು. ಕುಡಿಯಬಹುದಾದ ನಲ್ಲಿಗೆ ಬರೀ ಗ್ಲಾಸು, ಸುತ್ತ ದುಂಡು. ಅಡುಗೆಗೂ ಈ ನೀರು ಒಳ್ಳೆಯದಲ್ಲ, ಅಕ್ಕಿ ಬೇಳೆಯೊಳಗೆ ಫ್ಲೋರೈಡ್ ಸೇರುತ್ತದೆ. ಒಲೆಯ ಮೇಲಿನ ಪಾತ್ರೆಯನ್ನೂ ಸೇರಿಸಬೇಕೇ ಎಂಬ ವಾದ ಬಹಳ ಹೊತ್ತು ನಡೆಯಿತು. ಮೂರನೇ ಚಿತ್ರ ಬಂದರೆ ದೂರದಿಂದ ಮೂರೂ ಕಾಣುವುದಿಲ್ಲ. ಅದನ್ನು ಬಾಯಿಮಾತಿಗೆ, ಆಶಾ ಕಾರ್ಯಕರ್ತೆಯರ ಮನೆಭೇಟಿಗೆ ಬಿಡುವುದೇ ಸರಿ ಎಂದು ನಮ್ಮ ಅಭಿಪ್ರಾಯ.

ಬಣ್ಣಕ್ಕೆ ಹಳದಿ ನೆಲ, ಕಪ್ಪು ಗೆರೆ. ಹಳದಿಗೆ ಒಂದು ಕಾರಣವೂ ಸಿಕ್ಕಿತು. ಜಲ ಜೀವನ್ ಮಿಷನ್‌ನಲ್ಲಿ ಪ್ರತಿ ಹಳ್ಳಿಯ ಐವರು ಹೆಂಗಸರಿಗೆ ಕಿಟ್ ಬಳಸಿ ನೀರು ಪರೀಕ್ಷಿಸಲು ತರಬೇತಿ ಕೊಡಬೇಕೆಂದಿದೆ. ಫ್ಲೋರೈಡ್ ಪರೀಕ್ಷೆಗೆ ಸಾಮಾನ್ಯವಾಗಿ ಬಳಸುವ ದ್ರಾವಣವನ್ನು ಹಾಕಿದಾಗ, ಅಂಶ ಹೆಚ್ಚಿದಷ್ಟೂ ನೀರು ಗುಲಾಬಿಯಿಂದ ಹಳದಿಗೆ ತಿರುಗುತ್ತದೆ. ಕೊಳವೆಯೊಳಗೆ ಹಳದಿ ಕಂಡವರು ನಲ್ಲಿಯ ಮೇಲೂ ಹಳದಿ ಕಂಡರೆ ಬೇರೆ ವಿವರಣೆ ಬೇಡ. ಚೌಕದ ಕೆಳಗೆ ಪರೀಕ್ಷೆಯ ತಿಂಗಳು, ವರ್ಷವನ್ನು ಅಂಕಿಯಲ್ಲಿ ಬರೆಯಬೇಕು, ಮಳೆಗೂ ಬೇಸಿಗೆಗೂ ನೀರಿನ ಗುಣ ಬದಲಾಗುತ್ತದೆ. ಬಾಂಗ್ಲಾದೇಶದ ಪಂಪುಗಳಿಗೆ ಇಲ್ಲದೆ ಹೋದದ್ದು ಈ ತಾರೀಖು.

ಚಿತ್ರವನ್ನು ಒಂದು ಊರಿನ ನೀರುಗಂಟಿಗೆ ತೋರಿಸಿದೆವು. ನಲ್ಲಿಗೆ ನೀರು ಬಿಡುವವರು ಅವರೇ, ಬೈಗುಳ ತಿನ್ನುವವರೂ ಅವರೇ. ತಿರುಗಿಸಿ ಮುರುಗಿಸಿ ನೋಡಿದರು. "ಚಿತ್ರ ಚೆನ್ನಾಗೈತೆ ಸಾಬ್ರೆ. ಗೋಡೆಗೆ ಬರ್ದು ನೀವು ಹೋಗ್ತೀರ. ಆಮೇಲೆ ಹೆಂಗಸ್ರು ಬಿಂದಿಗೆ ಹಿಡ್ಕೊಂಡು ನಮ್ಮನೆ ಮುಂದೆ ನಿಂತ್ಕೊಂತಾರೆ, ಕುಡಿಯೋಕೆ ಎಲ್ಲಿಂದ ತರೋಣ ಅಂತ. ಅದಕ್ಕೆ ಏನ್ ಹೇಳ್ಲಿ?" ಎಂದರು.

ಅವರ ಊರಿನ ಶುದ್ಧ ನೀರಿನ ಘಟಕದಲ್ಲಿ ನಾಣ್ಯ ಹಾಕಿದರೆ 20 ಲೀಟರ್ ಕ್ಯಾನ್ ತುಂಬುತ್ತಿತ್ತು. ಮೋಟಾರ್ ಕೆಟ್ಟು ಕೆಲವು ತಿಂಗಳಾಗಿತ್ತು. ಹತ್ತಿರದ ಊರಿನ ಘಟಕಕ್ಕೆ ಹೋಗಲು ಬೈಕ್ ಇದ್ದವರಿಗೆ ತೊಂದರೆಯಿಲ್ಲ, ಒಂಟಿ ಮುದುಕಿಗೆ ಆಗದು. ಆ ದಿನ ನಿರ್ಧಾರವಾದದ್ದು ಇಷ್ಟು: ಮೊದಲು ಘಟಕದ ರಿಪೇರಿಗೆ ಪಂಚಾಯಿತಿಗೆ ಅರ್ಜಿ, ಮಸೀದಿ ಜಮಾಅತಿನವರೂ ದೇವಸ್ಥಾನದ ಸಮಿತಿಯವರೂ ಒಟ್ಟಿಗೆ ಸಹಿ ಹಾಕಿ. ಘಟಕ ನಡೆಯಲು ಶುರುವಾದ ದಿನ ಅದರ ಗೋಡೆಗೆ ಮೊದಲು ದುಂಡು ಗುರುತು, ಆಮೇಲೆ ಪಿಡಿಒ ಒಪ್ಪಿಗೆ ಪಡೆದು ಬೋರ್‌ವೆಲ್ ನಲ್ಲಿಗಳಿಗೆ ಚೌಕ. ಹೋಗಬೇಕಾದ ಕಡೆಯನ್ನು ತೋರಿಸಿದ ಮೇಲೆಯೇ ಬೇಡವಾದದ್ದನ್ನು ತೋರಿಸುವುದು. ಮದ್ರಸದ ಸಂಪಿಗೆ, ವಜೂ ಮಾಡುವ ಕಟ್ಟೆಗೆ ಮಾತ್ರ ಯಾರನ್ನೂ ಕಾಯಬೇಕಿಲ್ಲ, ಅಲ್ಲಿ ಮಕ್ಕಳು ಬೊಗಸೆಯಲ್ಲಿ ಹಿಡಿದು ಕುಡಿಯುವುದು ದಿನವೂ ನಡೆಯುತ್ತದೆ. ಹೀಗಾಗಿ ಮೊದಲ ಚೌಕ ಬಿದ್ದದ್ದು ಅಲ್ಲಿ. ಕುಡಿಯಲು ಬೇರೆ ಕ್ಯಾನ್ ಇಟ್ಟು ಅದಕ್ಕೆ ದುಂಡು ಬರೆದರು.

ಅಚ್ಚನ್ನು ಕತ್ತರಿಸಿದ್ದು ಹಳೇ ಎಕ್ಸ್‌ರೇ ಹಾಳೆಯಲ್ಲಿ. ನೀರು ತಾಗಿದರೆ ನೆನೆಯುವುದಿಲ್ಲ, ಒರೆಸಿ ಮತ್ತೆ ಬಳಸಬಹುದು. ಅರ್ಧ ಲೀಟರ್ ಹಳದಿ ಎನಾಮೆಲ್, ಚಿಕ್ಕ ಡಬ್ಬ ಕಪ್ಪು, ಎರಡು ಬ್ರಷ್, ಇಷ್ಟೇ ಸಾಮಾನು. ದುಂಡಿನ ಅಚ್ಚೂ ಚೌಕದ ಅಚ್ಚೂ ಈಗ ನೀರುಗಂಟಿಯ ಮನೆಯಲ್ಲಿವೆ. ಘಟಕದ ಮೋಟಾರ್ ಬಿಚ್ಚಿಕೊಂಡು ಹೋಗಿದ್ದಾರಂತೆ, ಇನ್ನೂ ಬಂದಿಲ್ಲ.